ದಮ್ಮು ಹತ್ತುವವರನ್ನು ತಾಲ್ಲೂಕು ಆಸ್ಪತ್ರೆಯೇ ಕರೆಯಲಿ

2020ರ ಮಾರ್ಚ್‌ನಲ್ಲಿ ದಾಖಲಾದ ದೇಶದ ಮೊದಲ ಕೋವಿಡ್ ಸಾವು ಕಲಬುರಗಿಯ ವೃದ್ಧರೊಬ್ಬರದು. ಮರುವರ್ಷದ ಎರಡನೇ ಅಲೆಯಲ್ಲಿ ಆಕ್ಸಿಜನ್ ಹಾಸಿಗೆಗಾಗಿ ಜಿಲ್ಲೆಯ ಹಳ್ಳಿಗಳೆಲ್ಲ ಕಲಬುರಗಿಯ ಕಡೆ ನೋಡಿದವು. ಬದುಕಿ ಮನೆಗೆ ಮರಳಿದವರನ್ನು ಗುಣಮುಖರ ಪಟ್ಟಿಗೆ ಸೇರಿಸಿದೆವು, ಅಲ್ಲಿಗೆ ಲೆಕ್ಕ ಮುಗಿಯಿತು ಅಂದುಕೊಂಡೆವು. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಅಂದು ಆಕ್ಸಿಜನ್ ಮೇಲಿದ್ದ ಪ್ರತಿಯೊಬ್ಬರನ್ನೂ ಈಗ ಹೆಸರು ಹಿಡಿದು ಕರೆದು ಹೃದಯ, ಶ್ವಾಸಕೋಶ ತಪಾಸಣೆ ಮಾಡಬೇಕು.

ತೀವ್ರ ಕೋವಿಡ್‌ನ ಉರಿಯೂತ ಶ್ವಾಸಕೋಶದ ಗಾಳಿಚೀಲಗಳ ಗೋಡೆಯಲ್ಲಿ ಗಾಯದ ಕಲೆ ಉಳಿಸಬಲ್ಲದು. ಗೋಡೆ ದಪ್ಪವಾದರೆ ಆಮ್ಲಜನಕ ರಕ್ತಕ್ಕೆ ದಾಟುವುದು ನಿಧಾನ. ವೆಲ್ಲೂರಿನ ಸಿಎಂಸಿ ವೈದ್ಯರು ಕೋವಿಡ್‌ನಿಂದ ಚೇತರಿಸಿಕೊಂಡ 207 ಮಂದಿಯನ್ನು ಪರೀಕ್ಷಿಸಿದಾಗ ಸುಮಾರು ಶೇ 44ರಷ್ಟು ಜನರಲ್ಲಿ ಈ ದಾಟುವಿಕೆಯೇ ಕುಗ್ಗಿತ್ತು. ಅಮೆರಿಕದ ಮಾಜಿ ಸೈನಿಕರಲ್ಲಿ ಕೋವಿಡ್ ದಾಟಿದ ಒಂದೂವರೆ ಲಕ್ಷಕ್ಕೂ ಹೆಚ್ಚು ಮಂದಿಯ ದಾಖಲೆ ಆಧರಿಸಿ 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸೋಂಕಿನ ನಂತರದ ಒಂದು ವರ್ಷ ಹೃದಯ ವೈಫಲ್ಯದ ಅಪಾಯ ಶೇ 72ರಷ್ಟು ಹೆಚ್ಚಿತ್ತು; ಐಸಿಯು ಸೇರಿದ್ದವರಲ್ಲಿ ಇನ್ನೂ ಹೆಚ್ಚು. ಆ ಮಾಜಿ ಸೈನಿಕರಲ್ಲಿ ಬಹುಪಾಲು ವಯಸ್ಸಾದ ಗಂಡಸರು, ಅಂಕಿಯನ್ನು ಹಾಗೇ ನಮ್ಮ ಊರಿಗೆ ತರಲಾಗದು ನಿಜ. ಆದರೆ ನಮ್ಮಲ್ಲಿ ತೊಗರಿ ರಾಶಿಯ ಧೂಳಿದೆ, ಕಟ್ಟಿಗೆ ಒಲೆಯ ಹೊಗೆಯಿದೆ, ಹಳೆಯ ಕ್ಷಯದ ಕಲೆ ಹೊತ್ತ ಎದೆಗಳಿವೆ.

ಐದು ವರ್ಷ ಕಳೆದ ಮೇಲೆ ಇದೆಲ್ಲ ಯಾಕೆ ಎಂದು ಕೇಳಬಹುದು. ಹಲವರಲ್ಲಿ ಶ್ವಾಸಕೋಶ ತಿಂಗಳುಗಳಲ್ಲಿ ಸುಧಾರಿಸಿದೆ, ಒಪ್ಪೋಣ. ಸುಧಾರಿಸದವರೇ ನಮ್ಮ ಚಿಂತೆ. ಹೊಟ್ಟು ತೂರುವಾಗ ದಮ್ಮು ಹತ್ತಿದರೆ ಅವರು ವಯಸ್ಸನ್ನೋ ಬೀಡಿಯನ್ನೋ ದೂರಿ ಸುಮ್ಮನಾಗುತ್ತಾರೆ. ಇನ್ನು ಕೆಲವರ ತಕರಾರು, ಎಲ್ಲಕ್ಕೂ ಲಸಿಕೆಯೇ ಕಾರಣ ಎಂಬುದು. 2025ರಲ್ಲಿ ಹಾಸನದ ಹಠಾತ್ ಸಾವುಗಳ ವೇಳೆಯೂ ಈ ಮಾತು ಜೋರಾಗಿ ಕೇಳಿತು. 18ರಿಂದ 45 ವಯಸ್ಸಿನವರ ಹಠಾತ್ ಸಾವುಗಳ ಬಗ್ಗೆ ಐಸಿಎಂಆರ್ 2023ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುವುದು ಬೇರೆ: ಎರಡು ಡೋಸ್ ಪಡೆದವರಲ್ಲಿ ಅಪಾಯ ಕಡಿಮೆ, ಕೋವಿಡ್‌ಗಾಗಿ ಆಸ್ಪತ್ರೆ ಸೇರಿದ್ದವರಲ್ಲಿ ಹೆಚ್ಚು. ಲಸಿಕೆಯ ಮೇಲಿನ ಸಿಟ್ಟಿನಲ್ಲಿ ರೋಗ ಬಿಟ್ಟುಹೋದ ಗಾಯವನ್ನು ಮರೆತರೆ ನಷ್ಟ ನಮ್ಮ ಬಡವರಿಗೇ.

ತಾಲ್ಲೂಕು ಆಸ್ಪತ್ರೆಯಲ್ಲಿ ತಜ್ಞರಿಲ್ಲ ಎಂಬ ಆಕ್ಷೇಪ ಇವುಗಳಿಗಿಂತ ಗಟ್ಟಿಯಾದದ್ದು. ಆದರೆ ಮೊದಲ ಜರಡಿಗೆ ತಜ್ಞರು ಬೇಕಿಲ್ಲ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಬಳಸಲು ನಮ್ಮ ಆಶಾ ಕಾರ್ಯಕರ್ತೆಯರು ಆ ದಿನಗಳಲ್ಲೇ ಕಲಿತರು. ಕೂತಾಗ 97 ತೋರಿಸುವ ಮನುಷ್ಯನನ್ನು ಆಸ್ಪತ್ರೆಯ ಅಂಗಳದಲ್ಲಿ ಆರು ನಿಮಿಷ ನಡೆಸಿ ಮತ್ತೆ ನೋಡಬೇಕು. 93ಕ್ಕೋ ಅದಕ್ಕಿಂತ ಕೆಳಕ್ಕೋ ಇಳಿದರೆ ಒಳಗೆ ಏನೋ ಕೆಟ್ಟಿದೆ. ಜೊತೆಗೆ ಬಿಪಿ, ಸಕ್ಕರೆ, ಒಂದು ಇಸಿಜಿ ಸಾಕು. ಇಷ್ಟರಲ್ಲಿ ಅನುಮಾನ ಬಂದವರನ್ನು ಮಾತ್ರ ಎಕೋಗೆ ಕಲಬುರಗಿಯ ಜಯದೇವ ಹೃದ್ರೋಗ ಆಸ್ಪತ್ರೆಗೆ, ಶ್ವಾಸಕೋಶದ ಪರೀಕ್ಷೆಗೆ ಅಲ್ಲಿನ ಜಿಮ್ಸ್ ಆಸ್ಪತ್ರೆಗೆ ಕಳಿಸಬಹುದು. ಜಯದೇವದ 371 ಹಾಸಿಗೆಗಳ ಹೊಸ ಕಟ್ಟಡ 2024ರ ಡಿಸೆಂಬರ್‌ನಲ್ಲೇ ಉದ್ಘಾಟನೆಯಾಗಿದೆ. ದೂರದ ಊರಿನಿಂದ ದಿನಗೂಲಿ ಬಿಟ್ಟು, ಬಸ್ ಚಾರ್ಜು ಕೊಟ್ಟು, ಎದೆನೋವು ಬಂದ ಮೇಲಷ್ಟೇ ಅಲ್ಲಿಗೆ ಹೋಗುವಂತಾದರೆ ಆ ಕಟ್ಟಡದ ಅರ್ಧ ಉಪಯೋಗವೂ ನಮಗೆ ಸಿಗದು. ಮನೆಮನೆಗೆ ಹೋಗುವ ಗೃಹ ಆರೋಗ್ಯ ಯೋಜನೆಯ ನಮೂನೆಯಲ್ಲಿ ‘ಕೋವಿಡ್‌ನಲ್ಲಿ ಆಕ್ಸಿಜನ್ ಹಾಕಿದ್ದರೇ?’ ಎಂಬ ಪ್ರಶ್ನೆಯೊಂದನ್ನು ಸೇರಿಸಲಿ. ತೊಗರಿ ರಾಶಿ ಶುರುವಾಗುವ ಮುಂಚೆಯೇ ಕರೆಯಲಿ. ಆಮೇಲೆ ಹೊಲ ಬಿಟ್ಟು ಯಾರೂ ಬರುವುದಿಲ್ಲ.