ಎಲ್ಲ ದೋಣಿಗಳೂ ಒಂದೇ ಅಚ್ಚಿನವು, ಹಾಗಾದರೆ ಮಾಲೀಕರ ಸಂಘ ಏಕೆ? ಪುಟ್ಟ ಹಾಯಿದೋಣಿ ರೇಸ್‌ನ ಒಳಗುಟ್ಟು

ಕೆರೆಯ ದಡದಲ್ಲಿ ಹತ್ತು ಹದಿನೈದು ಮಂದಿ ರಿಮೋಟ್ ಹಿಡಿದು ನಿಂತಿದ್ದಾರೆ. ನೀರಿನ ಮೇಲೆ ಎರಡಡಿ ಉದ್ದದ ಹಾಯಿದೋಣಿಗಳು ಒಂದನ್ನೊಂದು ಹಿಂದಿಕ್ಕುತ್ತಿವೆ. ಇಂಥ ವಿಡಿಯೋ ನಿಮ್ಮ ಮೊಬೈಲ್‌ಗೂ ಬಂದಿರಬಹುದು. ನೋಡಿದ ಕೂಡಲೇ ಎರಡು ಮಾತು ಹೊಳೆಯುತ್ತವೆ. ಒಂದು, ಇದು ಮೋಟಾರ್ ಇರುವ ಆಟಿಕೆ. ಎರಡು, ಎಲ್ಲ ದೋಣಿಯೂ ಒಂದೇ ಥರ ಇರುವಾಗ ನಿಯಮ, ಸಂಘ, ಮತದಾನ ಇವೆಲ್ಲ ಯಾಕೆ? ಎರಡನ್ನೂ ಪರಿಶೀಲಿಸೋಣ.

ದೋಣಿ ಓಡುವುದು ಮೋಟಾರ್‌ನಿಂದಲೇ?

ಅಲ್ಲ. ಒಳಗಿರುವ ಬ್ಯಾಟರಿ ರೇಡಿಯೋ ರಿಸೀವರ್‌ಗೆ ಮತ್ತು ಎರಡು ಸರ್ವೋಗಳಿಗೆ ವಿದ್ಯುತ್ ಕೊಡುತ್ತದೆ, ಅಷ್ಟೆ. ಒಂದು ಸರ್ವೋ ಚುಕ್ಕಾಣಿ ತಿರುಗಿಸುತ್ತದೆ, ಇನ್ನೊಂದು ಹಾಯಿಯ ಹಗ್ಗವನ್ನು ಎಳೆಯುತ್ತದೆ ಅಥವಾ ಸಡಿಲಿಸುತ್ತದೆ. ಉಳಿದದ್ದು ಗಾಳಿಯ ಕೆಲಸ. ದೋಣಿ ಮಗುಚದಂತೆ ಅಡಿಯಲ್ಲಿ ಭಾರದ ಗುಂಡು ಕಟ್ಟಿದ ಕೀಲ್ ಇರುತ್ತದೆ.

ನೀರನ್ನು ಸೀಳಿಕೊಂಡು ಹೋಗುವ ದೋಣಿಯ ವೇಗಕ್ಕೆ ಅದರ ಉದ್ದವೇ ಒಂದು ಮಿತಿ ಹಾಕುತ್ತದೆ. 65 ಸೆಂ.ಮೀ. ದೋಣಿಗೆ ಆ ಮಿತಿ ಗಂಟೆಗೆ ಸುಮಾರು 3.5 ಕಿ.ಮೀ., ಅಂದರೆ ನಾವು ನಿಧಾನವಾಗಿ ನಡೆಯುವ ವೇಗ. ಎಲ್ಲರ ವೇಗವೂ ಇದರ ಆಸುಪಾಸಿನಲ್ಲೇ ಇರುವುದರಿಂದ ತುಸು ಹಗುರವಾದ ದೋಣಿ, ತುಸು ಚೆನ್ನಾಗಿ ಹೊಲಿದ ಹಾಯಿ ಕೂಡ ಗೆಲುವನ್ನು ನಿರ್ಧರಿಸಬಲ್ಲದು.

ವನ್-ಡಿಸೈನ್ ಎಂದರೇನು?

ಕ್ರಿಕೆಟ್ ಬ್ಯಾಟ್ ನೆನಪಿಸಿಕೊಳ್ಳಿ. 2017ರಿಂದ ಜಾರಿಯಲ್ಲಿರುವ ನಿಯಮದಂತೆ ಬ್ಯಾಟ್‌ನ ಅಗಲ 108 ಮಿ.ಮೀ., ದಪ್ಪ 67 ಮಿ.ಮೀ., ಅಂಚು 40 ಮಿ.ಮೀ. ಮೀರಬಾರದು. ಆ ಮಿತಿಯೊಳಗೆ ತಯಾರಕರು ಬೇಕಾದ ಆಕಾರ ಕೊಡಬಹುದು. ಮಾದರಿ ದೋಣಿಗಳಲ್ಲಿ 'ಇಂಟರ್‌ನ್ಯಾಷನಲ್ ಒನ್ ಮೀಟರ್' ವರ್ಗ ಹೀಗೆಯೇ. ಉದ್ದ 1 ಮೀಟರ್ ದಾಟಬಾರದು, ತೂಕ 4 ಕೆ.ಜಿ.ಗಿಂತ ಕಡಿಮೆ ಇರಬಾರದು, ಒಡಲಿನ ಆಕಾರ ಮಾತ್ರ ವಿನ್ಯಾಸಕಾರರ ಇಷ್ಟ.

ವನ್-ಡಿಸೈನ್ ಇದಕ್ಕಿಂತ ಬಿಗಿ. 'ಡ್ರಾಗನ್‌ಫೋರ್ಸ್ 65' ಇದಕ್ಕೆ ಉದಾಹರಣೆ. ಚೀನಾದ ಜಾಯ್ಸ್‌ವೇ ಕಂಪನಿ ತಯಾರಿಸುವ ಈ ದೋಣಿಯ ಉದ್ದ 650 ಮಿ.ಮೀ. ಎಲ್ಲರ ಒಡಲೂ ಒಂದೇ ವಿನ್ಯಾಸದ್ದು. ದುಡ್ಡಿದ್ದವರಲ್ಲ, ಗಾಳಿ ಓದಬಲ್ಲವರು ಗೆಲ್ಲಲಿ ಎಂಬುದು ಉದ್ದೇಶ.

ಒಂದೇ ಅಚ್ಚಿನಿಂದ ಬಂದರೆ ತಾನಾಗಿಯೇ ಸಮಾನವಲ್ಲವೇ?

ಪೆಟ್ಟಿಗೆ ತೆರೆಯುವ ತನಕ ಸಮಾನ. ಆಮೇಲೆ ಒಬ್ಬರು ಕೀಲ್ ಉಜ್ಜಿ ನುಣುಪು ಮಾಡುತ್ತಾರೆ, ಇನ್ನೊಬ್ಬರು ಹಗುರ ಬ್ಯಾಟರಿ ಹಾಕುತ್ತಾರೆ, ಮತ್ತೊಬ್ಬರು ಬೇರೆಡೆಯಿಂದ ದುಬಾರಿ ಹಾಯಿ ತರಿಸುತ್ತಾರೆ. ಅವರು ಗೆದ್ದರೆ ಮುಂದಿನ ವಾರ ಉಳಿದವರೂ ಅದನ್ನೇ ಮಾಡಬೇಕಾಗುತ್ತದೆ. ಹೊಸದಾಗಿ ಬಂದವರು ಕೊಂಡ ದೋಣಿ ಮೊದಲ ದಿನವೇ ಹಳತಾಗುತ್ತದೆ. ಅವರು ಬರುವುದನ್ನೇ ನಿಲ್ಲಿಸುತ್ತಾರೆ.

ಅದಕ್ಕಾಗಿಯೇ ಇಂಥ ವರ್ಗಗಳಲ್ಲಿ 'ಮುಚ್ಚಿದ ನಿಯಮ' ಇರುತ್ತದೆ. ಅನುಮತಿ ಇದೆ ಎಂದು ಬರೆದಿಲ್ಲದ್ದೆಲ್ಲ ನಿಷಿದ್ಧ. ಆದರೂ ಪ್ರಶ್ನೆಗಳು ಮುಗಿಯುವುದಿಲ್ಲ. ಮುರಿದ ಕೊಂಡಿಯ ಬದಲು ಹಾರ್ಡ್‌ವೇರ್ ಅಂಗಡಿಯ ಕೊಂಡಿ ಹಾಕಬಹುದೇ? ನೀರು ಸೋರುವ ಕಡೆ ಎಷ್ಟು ಅಂಟು ಹಚ್ಚಬಹುದು? ಇದಕ್ಕೆ ಎಲ್ಲರಿಗೂ ಒಂದೇ ಉತ್ತರ, ಅದೂ ಬರಹದಲ್ಲಿ, ಸಿಗಬೇಕು. ಸಂಘದ ಮೊದಲ ಕೆಲಸ ಇದು.

ಸಂಘ ಇನ್ನೇನು ಮಾಡುತ್ತದೆ?

ಹಾಯಿಯ ಸಂಖ್ಯೆಯ ದಾಖಲೆ ಇಡುತ್ತದೆ. ದಡದಿಂದ ನೋಡುವಾಗ ಎಲ್ಲ ದೋಣಿಯೂ ಒಂದೇ ಥರ ಕಾಣುವುದರಿಂದ ಸಂಖ್ಯೆಯೇ ಗುರುತು. ಹಾಯಿಯ ಮೇಲೆ ಸಾಮಾನ್ಯವಾಗಿ ಕೊನೆಯ ಎರಡು ಅಂಕಿ ಇರುತ್ತವೆ. 7 ಎಂಬುದನ್ನು 07 ಎಂದು ಬರೆಯುತ್ತಾರೆ. ಇಬ್ಬರ ಅಂಕಿ ಒಂದೇ ಆದರೆ ಒಂದರ ಮುಂದೆ 1 ಸೇರಿಸಲು ಜಾಗ ಬಿಟ್ಟಿರಬೇಕು. ಹಿಂದೆ ಪ್ರತಿ ದೋಣಿಗೂ ಬೇರೆ ಬೇರೆ ರೇಡಿಯೋ ತರಂಗಾಂತರ ಹಂಚುವ ತಲೆನೋವೂ ಇತ್ತು. ಇಬ್ಬರದು ಒಂದೇ ಆದರೆ ದೋಣಿ ಕೈತಪ್ಪುತ್ತಿತ್ತು. 2.4 ಗಿಗಾಹರ್ಟ್ಸ್ ರಿಮೋಟ್‌ಗಳು ಬಂದ ಮೇಲೆ ಅದು ತಪ್ಪಿದೆ.

ಅಮೆರಿಕದಲ್ಲಿ 1970ರಲ್ಲಿ ಶುರುವಾದ 'ಅಮೆರಿಕನ್ ಮಾಡೆಲ್ ಯಾಟಿಂಗ್ ಅಸೋಸಿಯೇಷನ್' ಅಡಿಯಲ್ಲಿ ಹಲವು ವರ್ಗಗಳಿವೆ. ಒಂದೊಂದಕ್ಕೂ ಒಬ್ಬರು ಕ್ಲಾಸ್ ಸೆಕ್ರೆಟರಿ. ಇದು ಸ್ವಯಂಸೇವೆ, ಸಂಬಳವಿಲ್ಲ.

ರೇಸ್ ನಡೆಯುವುದೂ ಹೆಚ್ಚಾಗಿ ನಂಬಿಕೆಯ ಮೇಲೆ. ಇನ್ನೊಂದು ದೋಣಿಗೆ ತಾಗಿಸಿದವರು ತಪ್ಪು ತಮ್ಮದಾದರೆ ತಾವಾಗಿಯೇ ದೋಣಿಯನ್ನು ಒಂದು ಸುತ್ತು ತಿರುಗಿಸಿ ಮುಂದೆ ಹೋಗಬೇಕು.

ತಯಾರಕರೇ ನೋಡಿಕೊಂಡರೆ ಸಾಲದೇ?

ಇದಕ್ಕೆ ಉತ್ತರ ದೊಡ್ಡ ದೋಣಿಗಳ ಲೋಕದಲ್ಲಿದೆ. 1971ರಲ್ಲಿ ಮಾರುಕಟ್ಟೆಗೆ ಬಂದ 'ಲೇಸರ್' ಒಬ್ಬರೇ ನಡೆಸುವ ವನ್-ಡಿಸೈನ್ ಹಾಯಿದೋಣಿ. ಈವರೆಗೆ 2 ಲಕ್ಷಕ್ಕೂ ಹೆಚ್ಚು ತಯಾರಾಗಿವೆ. 1996ರಿಂದ ಒಲಿಂಪಿಕ್ಸ್‌ನಲ್ಲಿದೆ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಭಾರತದ ನೇತ್ರಾ ಕುಮನನ್ ಮತ್ತು ವಿಷ್ಣು ಸರವಣನ್ ಸ್ಪರ್ಧಿಸಿದ್ದು ಇದೇ ದೋಣಿಯ ವರ್ಗಗಳಲ್ಲಿ.

2019ರಲ್ಲಿ ಇದರ ಅಂತರರಾಷ್ಟ್ರೀಯ ಸಂಘ ಒಂದು ದೊಡ್ಡ ತಯಾರಕ ಕಂಪನಿಯೊಂದಿಗಿನ ಒಪ್ಪಂದವನ್ನು ಕೊನೆಗೊಳಿಸಿತು. ಕಾರ್ಖಾನೆ ಪರಿಶೀಲನೆಗೆ ಅವಕಾಶ ಕೊಡಲಿಲ್ಲ ಎಂಬುದು ಸಂಘ ಕೊಟ್ಟ ಕಾರಣ. ಆದರೆ ಹಲವು ದೇಶಗಳಲ್ಲಿ 'ಲೇಸರ್' ಎಂಬ ಹೆಸರಿನ ಹಕ್ಕು ಆ ಕಂಪನಿಯ ಬಳಿ ಇತ್ತು. ಕೊನೆಗೆ ದೋಣಿಗೆ ಸಂಘದ ಹೆಸರನ್ನೇ ಇಡಬೇಕಾಯಿತು. ಇಂದು ಅದು 'ಇಲ್ಕಾ' ದೋಣಿ. ಹೆಸರು ಹೋಯಿತು, ಆದರೆ ರೇಸ್ ನಿಲ್ಲಲಿಲ್ಲ. ಹಳೆಯ ಲೇಸರ್‌ಗಳೂ ಹೊಸ ದೋಣಿಗಳ ಜೊತೆ ಸ್ಪರ್ಧಿಸುತ್ತಿವೆ. ನಿಯಮ, ದಾಖಲೆ, ಸದಸ್ಯರು ಸಂಘದ ಬಳಿ ಇದ್ದುದರಿಂದ ಇದು ಸಾಧ್ಯವಾಯಿತು.

ಮಾದರಿ ದೋಣಿಗೂ ಇದೇ ಪಾಠ. ಕಾರ್ಖಾನೆ ನಾಳೆ ಒಂದು ಭಾಗದ ವಿನ್ಯಾಸ ಬದಲಿಸಬಹುದು, ತಯಾರಿಕೆಯನ್ನೇ ನಿಲ್ಲಿಸಬಹುದು. ಆಗ ಹಳೆಯ ದೋಣಿಯವರ ಪರ ಮಾತಾಡಲು ಯಾರಾದರೂ ಬೇಕು.

ಸಂಘಗಳು ಎಡವುವುದೆಲ್ಲಿ?

ಅಪಾರ್ಟ್‌ಮೆಂಟ್ ಸಂಘದ ಸಭೆಗೆ ಹೋದವರಿಗೆ ಇದು ಹೊಸದಲ್ಲ. ಎಲ್ಲ ಕೆಲಸವೂ ಒಬ್ಬರ ಹೆಗಲ ಮೇಲೆ ಬೀಳುತ್ತದೆ, ದಾಖಲೆಯೆಲ್ಲ ಅವರ ಲ್ಯಾಪ್‌ಟಾಪ್‌ನಲ್ಲೇ ಉಳಿಯುತ್ತದೆ. ಅವರು ಬೇಸತ್ತು ಬಿಟ್ಟರೆ ಸಂಘವೂ ನಿಂತಂತೆ. ಇನ್ನೊಂದು ಅಪಾಯ, ಸದಾ ಗೆಲ್ಲುವ ಮೂರ್ನಾಲ್ಕು ಜನರೇ ನಿಯಮ ಬರೆಯುವುದು. ಅವರಿಗೆ 'ಸಣ್ಣ ಸುಧಾರಣೆ' ಎನಿಸಿದ್ದು ಉಳಿದವರಿಗೆ ಹೊಸ ಖರ್ಚು.

ಪರಿಹಾರ ಕಷ್ಟದ್ದಲ್ಲ. ದಾಖಲೆ ಕನಿಷ್ಠ ಇಬ್ಬರ ಬಳಿ ಇರಲಿ. ರೇಸ್ ಋತುವಿನ ನಡುವೆ ನಿಯಮ ಬದಲಾಗದಿರಲಿ. ಬದಲಿಸುವಾಗ ಮೊದಲು ಬಂದವರ ಮತಕ್ಕೂ ಕೊನೆಗೆ ಬಂದವರ ಮತಕ್ಕೂ ಒಂದೇ ಬೆಲೆ ಇರಲಿ.

ಕೊನೆಯ ಮಾತು

ಒಂದೇ ಅಚ್ಚು ದೋಣಿಗಳನ್ನು ಸಮಾನವಾಗಿ ಹುಟ್ಟಿಸುತ್ತದೆ. ಅವನ್ನು ಸಮಾನವಾಗಿ ಉಳಿಸುವುದು ಮಾಲೀಕರ ಒಪ್ಪಂದ. ಮುಂದಿನ ಸಲ ಇಂಥ ವಿಡಿಯೋ ಫಾರ್ವರ್ಡ್ ಮಾಡುವಾಗ 'ಮಕ್ಕಳಾಟ' ಎಂದು ಬರೆಯುವ ಮುನ್ನ ಇದು ನೆನಪಿರಲಿ.