ಹಡಗು ಹತ್ತುವ ಹೊತ್ತು

ವಿಹಾರದ ಹಡಗು ಸಂಜೆ ನಾಲ್ಕಕ್ಕೆ ಹೊರಡುತ್ತದೆ ಎನ್ನಿ. ಬಂದರಿಗೆ ಎಷ್ಟು ಹೊತ್ತಿಗೆ ಹೋಗಬೇಕು? 'ಬೆಳಿಗ್ಗೆಯೇ ಹೋಗಿ ಮುಂದೆ ನಿಲ್ಲೋಣ' ಎನ್ನುವುದು ನಮ್ಮ ಅಪ್ಪಂದಿರ ರೈಲ್ವೆ ಲೆಕ್ಕ. ಅಮೆರಿಕದ ಮಯಾಮಿಯಲ್ಲಿ ಅದು ನಡೆಯದು. 2024ರಲ್ಲಿ ಅಲ್ಲಿಂದ ಯಾನ ಶುರುಮಾಡಿದ 'ಐಕಾನ್ ಆಫ್ ದಿ ಸೀಸ್' ಹಡಗಿನಲ್ಲಿ ಏಳು ಸಾವಿರಕ್ಕೂ ಹೆಚ್ಚು ಪ್ರಯಾಣಿಕರು ಹಿಡಿಸುತ್ತಾರೆ. ಇಂಥ ಹಡಗು ಮುಂಜಾನೆ ಬಂದು, ಅಷ್ಟೂ ಜನ ಇಳಿದು, ಗುಡಿಸಿ ಒರೆಸಿ ಆಗುವ ತನಕ ಹೊಸಬರಿಗೆ ಒಳಗೆ ಎಡೆಯಿಲ್ಲ. ಬೇಗ ಬಂದವರು ಇಳಿದವರ ಟ್ಯಾಕ್ಸಿಗಳ ನಡುವೆ ಸಿಕ್ಕಿಕೊಳ್ಳುತ್ತಾರೆ, ಅಷ್ಟೆ. ಹತ್ತುವ ಬಾಗಿಲು ತೆರೆದಾಗ ನೂಕುನುಗ್ಗಲು. ಮಧ್ಯಾಹ್ನ ಒಂದು ದಾಟಿದರೆ ಸಾಲು ಸಾಮಾನ್ಯವಾಗಿ ಕರಗುತ್ತದೆ. ಕಂಪನಿಗಳು ಮೊದಲೇ ಸಮಯ ಗೊತ್ತುಮಾಡಿಕೊಡುವುದೂ ಇದಕ್ಕೇ. ಆ ಸಮಯಕ್ಕೆ ಹೋಗುವುದೇ ಜಾಣತನ.

ಹಾಗೆಂದು ಕೊನೆ ಗಳಿಗೆಯಲ್ಲಿ ಓಡಿ ಬಂದೀರಿ, ಜೋಕೆ! ಪ್ರಯಾಣಿಕರ ಪಟ್ಟಿ ಹಡಗು ಬಿಡುವ 60 ನಿಮಿಷ ಮೊದಲೇ ಅಮೆರಿಕ ಸರ್ಕಾರಕ್ಕೆ ತಲುಪಬೇಕು. ತಡವಾದರೆ ಹಡಗು ಕಣ್ಣೆದುರೇ ಇದ್ದರೂ ಹತ್ತುವಂತಿಲ್ಲ. 2012ರಲ್ಲಿ ಇಟಲಿಯ ಬಳಿ 'ಕೋಸ್ಟಾ ಕಾಂಕಾರ್ಡಿಯಾ' ಬಂಡೆಗೆ ಬಡಿದು 32 ಮಂದಿ ಸತ್ತರು. ಆ ದಿನ ಹತ್ತಿದ ನೂರಾರು ಮಂದಿಗೆ ಅಪಾಯಕಾಲದ ತಾಲೀಮೇ ಆಗಿರಲಿಲ್ಲ. 2015ರಿಂದ ಆ ತಾಲೀಮು ಹೊರಡುವ ಮುನ್ನ ಅಥವಾ ಹೊರಟ ಕೂಡಲೇ ನಡೆಯಬೇಕು.

ಇನ್ನೊಂದು ಮಾತು, ಹೆತ್ತವರಿಗೆ. ದೊಡ್ಡ ಪೆಟ್ಟಿಗೆಗಳನ್ನು ಬಾಗಿಲಲ್ಲೇ ಕೂಲಿಗಳು ಒಯ್ಯುತ್ತಾರೆ. ಮಕ್ಕಳ ಪಾಸ್‌ಪೋರ್ಟ್ ಅದರೊಳಗೆ ಹೋಗದಿರಲಿ, ಕೈಚೀಲದಲ್ಲಿರಲಿ.