ಪೂರ್ತಿ ಕೇಳುವ ಗುಣ

ಎರಡು ಗಣಕಯಂತ್ರಗಳು ಸಂಭಾಷಿಸಬೇಕಾದರೆ ಮೊದಲು ಒಂದು ಕಿವಿಗೊಟ್ಟು ಕಾದಿರಬೇಕು. 1983ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯವು ತನ್ನ ಯುನಿಕ್ಸ್ ಆವೃತ್ತಿಯಲ್ಲಿ ಹೊರತಂದ ‘ಸಾಕೆಟ್’ ಎಂಬ ಸಾಧನದ ಮರ್ಮವಿದು. ಸೇವೆ ನೀಡುವ ಸರ್ವರ್, ಮನೆಯ ಸಂಖ್ಯೆಯಂತಹ ‘ಪೋರ್ಟ್’ ಒಂದನ್ನು ಹಿಡಿದು ಆಲಿಸುತ್ತಿರುತ್ತದೆ; ಸೇವೆ ಬೇಡುವ ಕ್ಲೈಂಟ್ ಅಲ್ಲಿಗೆ ಬಂದು ಕರೆಯುತ್ತದೆ. ಕರೆಯನ್ನು ಅಂಗೀಕರಿಸಿದ ಮೇಲೆಯೇ ಮಾತು.

ಆದರೆ ಒಮ್ಮೆಗೇ ಕಳುಹಿಸಿದುದು ಒಮ್ಮೆಗೇ ತಲಪೀತೆಂಬ ಭರವಸೆಯಿಲ್ಲ. ಟಿಸಿಪಿ ಎಂಬ ನಿಯಮಾವಳಿಯು ಅಕ್ಷರಗಳ ಕ್ರಮವನ್ನು ಕಾಯುತ್ತದೆಯೇ ಹೊರತು ಸಂದೇಶದ ಎಲ್ಲೆಯನ್ನಲ್ಲ. ‘5000’ ಎಂಬುದು ‘50’, ‘00’ ಎಂದು ಎರಡು ಕಂತುಗಳಲ್ಲಿ ಬರಬಹುದು. ‘50’ನ್ನು ಕೇಳಿದೊಡನೆ ಉತ್ತರಿಸುವ ಸರ್ವರ್ ಲೆಕ್ಕವನ್ನೇ ಕೆಡಿಸುತ್ತದೆ. ಮಾತು ಎಲ್ಲಿ ಮುಗಿಯುವುದೆಂಬುದನ್ನು ಉಭಯರೂ ಮೊದಲೇ ನಿಶ್ಚಯಿಸಿಕೊಂಡಿರಬೇಕು.

ಆದುದರಿಂದ ವಿದ್ಯಾರ್ಥಿಗಳು ಸಿದ್ಧ ತಂತ್ರಾಂಶಗಳಿಂದ ತೃಪ್ತರಾಗದೆ, ಇಂತಹ ಪುಟ್ಟ ಪ್ರೋಗ್ರಾಮೊಂದನ್ನು ಸ್ವತಃ ಬರೆಯಬೇಕೆಂಬುದು ನನ್ನ ಅಭಿಪ್ರಾಯ. ಪೂರ್ತಿ ಕೇಳಿಯೇ ಉತ್ತರಿಸಬೇಕೆಂಬ ವಿವೇಕವನ್ನು ಅದು ಕೈಹಿಡಿದು ಕಲಿಸುತ್ತದೆ.